ನಂಬಿಕೆ ಇಲ್ಲದವರು ಬುದ್ಧ, ಪತಂಜಲಿ, ಜಿನರಿಂದ ಏನನ್ನು ತೆಗೆದುಕೊಳ್ಳಬಹುದು, ಹೇಗೆ

ಪತಂಜಲಿಯ ಯೋಗಸೂತ್ರದ ಮೊದಲ ಪಾದದ 23ನೇ ಸೂತ್ರ ಹೀಗಿದೆ: ‘ಈಶ್ವರಪ್ರಣಿಧಾನಾದ್ವಾ’. ಇದರಲ್ಲಿ ನಮಗೆ ಬೇಕಾದದ್ದು ಕೊನೆಯ ಒಂದಕ್ಷರ, ‘ವಾ’. ಅಂದರೆ ‘ಅಥವಾ’. ಮನಸ್ಸು ನೆಲೆ ನಿಲ್ಲಬೇಕಾದರೆ ಈಶ್ವರನಿಗೆ ಒಪ್ಪಿಸಿಕೊಂಡರೂ ಆದೀತು ಎನ್ನುತ್ತಾನೆ ಪತಂಜಲಿ, ಒಪ್ಪಿಸಿಕೊಳ್ಳಲೇಬೇಕು ಎನ್ನುವುದಿಲ್ಲ. 34ನೇ ಸೂತ್ರದಲ್ಲಿ ಉಸಿರಿನ ದಾರಿ ಬರುತ್ತದೆ, ಅಲ್ಲೂ ‘ವಾ’. 39ಕ್ಕೆ ಬಂದರೆ ‘ಯಥಾಭಿಮತಧ್ಯಾನಾದ್ವಾ’: ನಿನಗೆ ಯಾವುದು ಹಿಡಿಸುತ್ತದೋ ಅದನ್ನೇ ಧ್ಯಾನಿಸಿದರೂ ಸರಿ. ಹಾಗಂತ ಪತಂಜಲಿಯನ್ನು ನಾಸ್ತಿಕರ ಪಂಗಡಕ್ಕೆ ಸೇರಿಸಿಬಿಡುವಂತಿಲ್ಲ. ಎರಡನೇ ಪಾದದ ನಿಯಮಗಳ ಪಟ್ಟಿಯಲ್ಲಿ ಅದೇ ಈಶ್ವರಪ್ರಣಿಧಾನ ಯಾವ ‘ವಾ’ ಇಲ್ಲದೆಯೇ ಕೂತಿದೆ. ಒಂದೇ ಪುಸ್ತಕದಲ್ಲಿ ಎರಡೂ ಇವೆ. ದೇವರನ್ನು ನಂಬದೆ ಇಂಥ ಪುಸ್ತಕಗಳನ್ನು ಓದುವವರು ಮೊದಲು ಕಲಿಯಬೇಕಾದದ್ದು ಇಷ್ಟು: ಪಠ್ಯ ಏನು ಹೇಳುತ್ತದೆ ಎಂಬುದನ್ನು ತಮಗೆ ಬೇಕಾದಂತೆ ಬಗ್ಗಿಸದೆ ನೋಡುವುದು, ಅದರಲ್ಲಿ ತಮಗೆ ಎಷ್ಟು ಬೇಕು ಎಂಬುದನ್ನು ಆಮೇಲೆ ತೀರ್ಮಾನಿಸುವುದು.

‘ಪೂರ್ವದ ಧರ್ಮಗಳು’ ಎಂಬ ಮಾತು ಪಶ್ಚಿಮದಲ್ಲಿ ಕೂತು ನೋಡುವವರದ್ದು. ನಮಗೆ ಅವು ಪೂರ್ವದವಲ್ಲ, ಮನೆಯವು. ಹಾಗಾಗಿ ನಮ್ಮ ತೊಡಕೂ ಬೇರೆ. ಅಲ್ಲಿಯವರಿಗೆ ಧ್ಯಾನ ಹೊಸದಾಗಿ ಸಿಕ್ಕ ವಸ್ತು. ಇಲ್ಲಿ ನಂಬಿಕೆ ಬಿಟ್ಟವರಿಗೆ ಅದು ಅಜ್ಜಿಯ ಜಪಮಾಲೆಯ ಜೊತೆಗೇ ಅಟ್ಟ ಸೇರಿದ ವಸ್ತು. ಕೆಳಗಿಳಿಸಿ ದೂಳು ಕೊಡವಿ ನೋಡಲು ಮುಜುಗರ. ನೋಡಿದರೆ ‘ಕೊನೆಗೂ ದಾರಿಗೆ ಬಂದೆ’ ಎಂದು ಯಾರಾದರೂ ಅಂದಾರು ಎಂಬ ಅಳುಕು.

ಆ ಅಳುಕಿಗೆ ಕಾರಣವಿಲ್ಲ. ‘ನಾಸ್ತಿಕ’ ಎಂದರೆ ದೇವರಿಲ್ಲ ಎನ್ನುವವನು ಎಂಬುದು ಈಚಿನ ಅರ್ಥ. ಪಾಣಿನಿಯ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ ಎಂಬ ಸೂತ್ರಕ್ಕೆ ವ್ಯಾಖ್ಯಾನಕಾರರು ಪರಲೋಕ ಉಂಟು ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ ಎಂದು ಅರ್ಥ ಹೇಳಿದರು. ಮನುಸ್ಮೃತಿಯಲ್ಲಿ ನಾಸ್ತಿಕನೆಂದರೆ ವೇದವನ್ನು ನಿಂದಿಸುವವನು. ಎರಡರಲ್ಲೂ ದೇವರ ಪ್ರಸ್ತಾಪವೇ ಇಲ್ಲ. ವೇದವನ್ನು ತಲೆಯ ಮೇಲೆ ಹೊತ್ತ ಮೀಮಾಂಸಕರೇ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಸಾಂಖ್ಯ ದರ್ಶನದ ಮುಖ್ಯ ಗ್ರಂಥವಾದ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಈಶ್ವರನಿಲ್ಲದೆಯೇ ಜಗತ್ತನ್ನು ವಿವರಿಸುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನ 9ನೇ ಶತಮಾನದಲ್ಲಿ ಬರೆದ ಸಂಸ್ಕೃತ ಆದಿಪುರಾಣದಲ್ಲಿ ನೇರವಾಗಿಯೇ ಕೇಳುತ್ತಾನೆ: ದೇವರು ಜಗತ್ತನ್ನು ಮಾಡಿದ್ದಾದರೆ ಮಾಡುವ ಮೊದಲು ಎಲ್ಲಿದ್ದ? ಪಂಪ ತನ್ನ ಆದಿಪುರಾಣಕ್ಕೆ ಆಧಾರ ಮಾಡಿಕೊಂಡದ್ದು ಇದೇ ಗ್ರಂಥವನ್ನು. ಅಂದರೆ ಈ ಪ್ರಶ್ನೆ ಕೇಳುವವರು ಪರಂಪರೆಯ ಹೊರಗಿನಿಂದ ಬೇಲಿ ಹಾರಿ ಬಂದವರಲ್ಲ.

ಮೂರು ಬಗೆಯ ಮಾತು

ಯಾವುದೇ ಧರ್ಮಗ್ರಂಥ ತೆರೆದರೂ ಅದರಲ್ಲಿ ಮೂರು ಬಗೆಯ ಮಾತುಗಳು ಕಲಸಿಕೊಂಡಿರುತ್ತವೆ. ಮೊರದಲ್ಲಿ ಹಾಕಿ ಕೇರುವ ಹಾಗೆ ಇವನ್ನು ಬೇರೆ ಮಾಡಿಕೊಳ್ಳಬೇಕು.

‘ಉದ್ದವಾಗಿ ಉಸಿರು ಎಳೆದುಕೊಳ್ಳುವಾಗ ಉದ್ದವಾಗಿ ಎಳೆದುಕೊಳ್ಳುತ್ತಿದ್ದೇನೆ ಎಂದು ತಿಳಿ’ ಎಂಬುದು ಮಾಡಿ ನೋಡುವ ಮಾತು. ನಂಬುವುದಕ್ಕೂ ಬಿಡುವುದಕ್ಕೂ ಅಲ್ಲಿ ಏನೂ ಇಲ್ಲ. ‘ಕೋಪಿಷ್ಠನು ಸತ್ತ ಮೇಲೆ ನರಕದಲ್ಲಿ ಹುಟ್ಟುತ್ತಾನೆ’ ಎಂಬುದು ಲೋಕ ಹೀಗಿದೆ ಎಂಬ ಹೇಳಿಕೆ. ಅದನ್ನು ಪರೀಕ್ಷಿಸುವ ದಾರಿ ನಮ್ಮ ಬಳಿ ಇಲ್ಲ. ‘ಇಂಥವರು ಇದನ್ನು ಓದಕೂಡದು, ಇಂಥವರು ಒಳಗೆ ಬರಕೂಡದು’ ಎಂಬುದು ಸಮಾಜದ ಕಟ್ಟಳೆ. ಮೊದಲನೆಯದನ್ನು ಮಾಡಿ ನೋಡಿ. ಎರಡನೆಯದನ್ನು ಕಾವ್ಯ ಓದುವಂತೆ ಓದಿ, ಒಪ್ಪಬೇಕಾಗಿಲ್ಲ, ಗೇಲಿಯೂ ಬೇಕಾಗಿಲ್ಲ. ಮೂರನೆಯದನ್ನು ಮಾತ್ರ ಇವತ್ತಿನ ನ್ಯಾಯದ ಮುಂದೆ ನಿಲ್ಲಿಸಿ ವಿಚಾರಿಸಿ. ಅದಕ್ಕೆ ‘ಹಳೆಯದು’ ಎಂಬ ರಿಯಾಯಿತಿ ಕೊಡಬೇಡಿ.

ಕಷ್ಟ ಬರುವುದು ಒಂದೇ ಪದದಲ್ಲಿ ಎರಡು ಬಗೆಯೂ ಬೆರೆತಾಗ. ‘ಕರ್ಮ’ ಅಂಥ ಪದ. ಒಂದು ಸಲ ಸುಳ್ಳು ಹೇಳಿದರೆ ಎರಡನೇ ಸಲ ಹೇಳುವುದು ಸುಲಭ, ಮೂರನೇ ಸಲ ನಾಲಿಗೆ ತಡವರಿಸುವುದೂ ಇಲ್ಲ: ಕರ್ಮದ ಈ ಅರ್ಥವನ್ನು ಒಂದು ವಾರದಲ್ಲಿ ಪರೀಕ್ಷಿಸಬಹುದು. ಮಗು ಅಂಗವಿಕಲವಾಗಿ ಹುಟ್ಟಿದ್ದಕ್ಕೆ ಹಿಂದಿನ ಜನ್ಮದ ಪಾಪ ಕಾರಣ ಎನ್ನುವ ಅರ್ಥ ಪರೀಕ್ಷೆಗೆ ಸಿಗುವುದಿಲ್ಲ, ಮೇಲಾಗಿ ನೊಂದವರ ಮೇಲೆ ಇನ್ನೊಂದು ಹೊರೆ ಹೇರುತ್ತದೆ. ಮೊದಲನೆಯದನ್ನು ತನಗೆ ಅನ್ವಯಿಸಿಕೊಳ್ಳಿ, ಎರಡನೆಯದನ್ನು ಯಾರಿಗೂ ಬೇಡ.

ಹೀಗೆ ಕೇರುವುದಕ್ಕೆ ಬುದ್ಧನದೇ ಒಪ್ಪಿಗೆ ಇದೆ ಎಂದು ತೋರಿಸಲು ಎಲ್ಲರೂ ಎತ್ತುವುದು ಅಂಗುತ್ತರ ನಿಕಾಯದ ಕಾಲಾಮ ಸುತ್ತವನ್ನು. ನಿಕಾಯ ಎಂದರೆ ಬುದ್ಧನ ಉಪದೇಶಗಳ ಪಾಲಿ ಸಂಗ್ರಹ, ಸುತ್ತ ಎಂದರೆ ಅದರಲ್ಲಿನ ಒಂದು ಉಪದೇಶ. ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧನ ಹತ್ತಿರ ಬಂದು, ಊರಿಗೆ ಬರುವ ಒಬ್ಬೊಬ್ಬ ಸನ್ಯಾಸಿಯೂ ತನ್ನದೇ ಸರಿ ಮಿಕ್ಕವರದ್ದು ತಪ್ಪು ಅನ್ನುತ್ತಾನೆ, ಯಾರನ್ನು ನಂಬುವುದು ಎಂದು ಕೇಳುತ್ತಾರೆ. ಬುದ್ಧ ಹತ್ತು ಕಾರಣಗಳನ್ನು ಹೇಳಿ ಇವುಗಳಿಂದಷ್ಟೇ ಒಪ್ಪಬೇಡಿ ಎನ್ನುತ್ತಾನೆ. ಕೇಳಿದ ಮಾತು, ಪರಂಪರೆ, ಗ್ರಂಥದಲ್ಲಿದೆ ಎಂಬುದು, ‘ಇವರು ನಮ್ಮ ಗುರುಗಳು’ ಎಂಬುದು ಇವೆಲ್ಲ ಪಟ್ಟಿಯಲ್ಲಿವೆ. ವಿಚಾರವಾದಿಗಳು ಖುಷಿಯಿಂದ ಎತ್ತುವುದು ಇಷ್ಟನ್ನು. ಅದೇ ಪಟ್ಟಿಯಲ್ಲಿ ‘ಬರೀ ತರ್ಕ’ ಎಂಬುದೂ ಇದೆ, ‘ನನ್ನ ಅಭಿಪ್ರಾಯಕ್ಕೆ ಹೊಂದುತ್ತದೆ’ ಎಂಬುದೂ ಇದೆ. ಅದನ್ನು ಎತ್ತುವವರು ಕಡಿಮೆ. ಹಾಗಾದರೆ ಅಳತೆಗೋಲು ಯಾವುದು? ಇದನ್ನು ನಡೆಸಿದರೆ ನನಗೂ ಇತರರಿಗೂ ಕೇಡೋ ಒಳಿತೋ ಎಂದು ತಾನೇ ಕಂಡುಕೊಳ್ಳುವುದು, ತಿಳಿದವರು ಅದನ್ನು ಹಳಿಯುತ್ತಾರೋ ಮೆಚ್ಚುತ್ತಾರೋ ಎಂದು ನೋಡುವುದು.

ಆ ಸುತ್ತದ ಕೊನೆಯಲ್ಲಿ ನಂಬದವರಿಗೆಂದೇ ಹೇಳಿದಂಥ ಮಾತು ಇದೆ. ದ್ವೇಷ ಬಿಟ್ಟು ಬದುಕುವವನಿಗೆ ನಾಲ್ಕು ಭರವಸೆ. ಪರಲೋಕ, ಕರ್ಮಫಲ ಇದ್ದರೆ ಒಳ್ಳೆಯ ಕಡೆ ಹೋಗುತ್ತಾನೆ. ಅವು ಇಲ್ಲದಿದ್ದರೂ ಇಲ್ಲೇ, ಈಗಲೇ, ಹಗೆಯಿಲ್ಲದೆ ಸುಖವಾಗಿರುತ್ತಾನೆ. ಕೆಟ್ಟದ್ದು ಮಾಡಿದವನಿಗೆ ಕೆಟ್ಟದ್ದಾಗುವುದಾದರೆ ಇವನು ಮಾಡಿಲ್ಲ, ಭಯವಿಲ್ಲ. ಆಗದಿದ್ದರೆ ಎರಡು ಕಡೆಯಿಂದಲೂ ಶುದ್ಧ. ಪರಲೋಕದ ಪ್ರಶ್ನೆಯನ್ನು ಬಗೆಹರಿಸದೆಯೇ ಬದುಕಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾಯಿತು.

ಉಸಿರು: ಹೇಗೆ ಕೂರುವುದು, ಎಲ್ಲಿ ಕೆಡುತ್ತದೆ

ಮಾಡಿ ನೋಡುವ ಮಾತುಗಳಲ್ಲಿ ಉಸಿರಿನದ್ದು ಮೊದಲು. ಪಾಲಿಯಲ್ಲಿ ಆನಾಪಾನಸತಿ, ಅಂದರೆ ಒಳಗೆ ಹೊರಗೆ ಹೋಗುವ ಉಸಿರನ್ನು ಗಮನಿಸುವುದು.

ದಿಂಬು ಅಥವಾ ನಾಲ್ಕಾರು ಮಡಿಕೆ ಮಾಡಿದ ಜಮಖಾನ ತೆಗೆದುಕೊಳ್ಳಿ. ಕೂತಾಗ ನಾಲ್ಕೈದು ಇಂಚು ಎತ್ತರ ಉಳಿಯಬೇಕು. ಅದರ ಮುಂದಿನ ಅರ್ಧದ ಮೇಲೆ ಮಾತ್ರ ಕುಳಿತು ಚಕ್ಕಂಬಕ್ಕಳ ಹಾಕಿ. ಮಂಡಿಗಳು ಸೊಂಟಕ್ಕಿಂತ ಕೆಳಗಿರಬೇಕು; ಮೇಲಿದ್ದರೆ ಹತ್ತು ನಿಮಿಷಕ್ಕೇ ನಡು ಕುಸಿದು ಬೆನ್ನು ಗೂನಾಗುತ್ತದೆ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂರಲಿ, ಪಾದ ಪೂರ್ತಿ ನೆಲಕ್ಕೆ ತಾಗಲಿ, ಬೆನ್ನು ಒರಗುವುದು ಬೇಡ. ಶುರುವಿಗೆ 20 ನಿಮಿಷ ಸಾಕು. ಫೋನಿನಲ್ಲಿ ಅಲಾರಂ ಇಟ್ಟು ಫೋನನ್ನು ಕೈಗೆ ಸಿಗದಷ್ಟು ದೂರ ಇಡಿ.

ಗಮನ ಮೂಗಿನ ಹೊಳ್ಳೆಗಳ ಕೆಳಗೆ, ಮೇಲ್ತುಟಿಯ ಮೇಲಿನ ಪುಟ್ಟ ಜಾಗದಲ್ಲಿ. ಅಲ್ಲಿ ಉಸಿರು ಒಳಗೆ ಹೋಗುವಾಗ ತುಸು ತಂಪು, ಹೊರಗೆ ಬರುವಾಗ ತುಸು ಬಿಸಿ. ಉಸಿರನ್ನು ಉದ್ದ ಮಾಡಬೇಡಿ, ಗಿಡ್ಡ ಮಾಡಬೇಡಿ. ಇದು ಪ್ರಾಣಾಯಾಮ ಅಲ್ಲ. ಬಾಗಿಲ ಬಳಿ ಕೂತ ಕಾವಲುಗಾರ ಹೋಗುವವರನ್ನೂ ಬರುವವರನ್ನೂ ನೋಡುತ್ತಾನೆ, ಯಾರ ಹಿಂದೆಯೂ ಊರೊಳಗೆ ನಡೆದು ಹೋಗುವುದಿಲ್ಲ, ಅಷ್ಟೇ ಕೆಲಸ.

ಮನಸ್ಸು ನಿಲ್ಲದಿದ್ದರೆ ಎಣಿಸಿ. 5ನೇ ಶತಮಾನದ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ ತನ್ನ ಸಾಧನೆಯ ಕೈಪಿಡಿ ವಿಸುದ್ಧಿಮಗ್ಗದಲ್ಲಿ ಇದಕ್ಕೆ ಖಚಿತ ಲೆಕ್ಕ ಕೊಟ್ಟಿದ್ದಾನೆ: ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು. ಕಾರಣವನ್ನೂ ಹೇಳುತ್ತಾನೆ. ಐದರೊಳಗೆ ಸುತ್ತಿದರೆ ಇಕ್ಕಟ್ಟಾದ ದೊಡ್ಡಿಯಲ್ಲಿ ತುಂಬಿದ ದನಗಳಂತೆ ಚಿತ್ತ ಚಡಪಡಿಸುತ್ತದೆ. ಹತ್ತು ದಾಟಿದರೆ ಗಮನ ಉಸಿರನ್ನು ಬಿಟ್ಟು ಸಂಖ್ಯೆಗೆ ಅಂಟುತ್ತದೆ. ಒಂದು ಉಸಿರಿಗೆ ಒಂದು ಎಣಿಕೆ, ಹತ್ತಾದ ಮೇಲೆ ಮತ್ತೆ ಒಂದು. ತಪ್ಪಿತೋ, ಒಂದರಿಂದ ಶುರು. ಮೊದಲ ವಾರ ನಾಲ್ಕನ್ನು ದಾಟುವುದೇ ಅಪರೂಪ. ‘ನನಗೆ ಇದು ಆಗುವುದಿಲ್ಲ’ ಎಂದು ಬಹುಪಾಲು ಜನ ಎದ್ದು ಹೋಗುವುದು ಇಲ್ಲೇ. ಎಣಿಕೆ ತಪ್ಪಿದ್ದು ಗೊತ್ತಾದ ಆ ಗಳಿಗೆ ಇದೆಯಲ್ಲ, ಅಭ್ಯಾಸ ಅಂದರೆ ಅದೇ. ಕಸರತ್ತಿನಲ್ಲಿ ಭಾರ ಎತ್ತಿದಷ್ಟು ಸಲವೂ ಲೆಕ್ಕ. ಇಲ್ಲಿ ಮರಳಿ ಬಂದಷ್ಟು ಸಲವೂ ಲೆಕ್ಕ.

ತೂಕಡಿಕೆ ಇನ್ನೊಂದು ತೊಂದರೆ, ಊಟವಾದ ಮೇಲೆ ಕೂತರಂತೂ ಖಂಡಿತ. ಶಿಷ್ಯ ಮೊಗ್ಗಲ್ಲಾನ ತೂಕಡಿಸುವುದನ್ನು ಕಂಡ ಬುದ್ಧ ಕೊಟ್ಟ ಸಲಹೆಗಳಲ್ಲಿ ಇವೂ ಸೇರಿವೆ: ಎರಡೂ ಕಿವಿಯ ಹಾಲೆ ಎಳೆದುಕೋ, ಕೈಕಾಲು ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಆಕಾಶದ ನಕ್ಷತ್ರ ನೋಡು, ಅತ್ತಿಂದಿತ್ತ ನಡೆ. ಯಾವುದಕ್ಕೂ ಜಗ್ಗದಿದ್ದರೆ ಬಲಮಗ್ಗುಲಿಗೆ ಮಲಗಿಬಿಡು, ಆದರೆ ಎಚ್ಚರವಾದ ತಕ್ಷಣ ಏಳು. ಇದರಲ್ಲಿ ಪಾರಮಾರ್ಥಿಕ ಏನಿದೆ? ಪರೀಕ್ಷೆಗೆ ಓದುವ ಹುಡುಗನಿಗೆ ಅಜ್ಜ ಹೇಳುವಂಥದ್ದೇ.

ಒಂದೇ ಯೋಚನೆ ಮತ್ತೆ ಮತ್ತೆ ಮುತ್ತಿದರೆ ಏನು ಮಾಡುವುದು ಎಂಬುದಕ್ಕೆ ಮಜ್ಝಿಮ ನಿಕಾಯದ 20ನೇ ಸುತ್ತದಲ್ಲಿ ಐದು ಉಪಾಯಗಳಿವೆ. ಒಂದು ಸೋತರೆ ಮಾತ್ರ ಮುಂದಿನದು. ಮೊದಲು, ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯದೊಂದನ್ನು ತನ್ನಿ, ಬಡಗಿ ಸಣ್ಣ ಗೂಟ ಹೊಡೆದು ದಪ್ಪ ಗೂಟವನ್ನು ಹೊರಡಿಸುವಂತೆ. ಆಗಲಿಲ್ಲವೋ, ಈ ಯೋಚನೆಯಿಂದ ನನಗಾಗುವ ನಷ್ಟವೇನು ಎಂದು ನೋಡಿ. ಸಿಂಗರಿಸಿಕೊಂಡವರ ಕೊರಳಿಗೆ ಸತ್ತ ಹಾವು ಹಾಕಿದರೆ ಹೇಸುವಂತೆ ಅದರ ಬಗ್ಗೆ ಹೇಸಿಕೆ ಹುಟ್ಟಬೇಕು. ಅದೂ ಸೋತರೆ ನೋಡಬೇಡದ್ದು ಕಂಡಾಗ ಕಣ್ಣು ಮುಚ್ಚುವಂತೆ ಗಮನ ಕೊಡದಿರಿ. ನಾಲ್ಕನೆಯದು ಸೊಗಸಾಗಿದೆ: ಬಿರಬಿರನೆ ನಡೆಯುವವನು ‘ಯಾಕಿಷ್ಟು ಅವಸರ’ ಎಂದು ನಿಧಾನವಾಗಿ, ಆಮೇಲೆ ನಿಂತು, ಕೂತು, ಮಲಗುವಂತೆ ಯೋಚನೆಯ ಹಿಂದಿನ ಕಾರಣಗಳನ್ನು ಹಂತ ಹಂತವಾಗಿ ತಣಿಸಿ. ಐದನೆಯದು, ಹಲ್ಲು ಕಚ್ಚಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಲವಂತವಾಗಿ ಅದುಮುವುದು. ಇದನ್ನು ಕೊನೆಗಿಟ್ಟಿರುವುದು ಗಮನಿಸಬೇಕಾದ್ದು. ನಮ್ಮಲ್ಲಿ ಹೆಚ್ಚಿನವರು ‘ಮನಸ್ಸನ್ನು ಹಿಡಿತದಲ್ಲಿಡು’ ಅಂದೊಡನೆ ನೇರ ಐದನೆಯದಕ್ಕೇ ಹೋಗುತ್ತಾರೆ, ಸೋಲುತ್ತಾರೆ.

ಕೆಲಸಕ್ಕೆ ಬರುತ್ತಿದೆಯೋ ಇಲ್ಲವೋ ತಿಳಿಯಲು ‘ಶಾಂತಿ ಸಿಕ್ಕಿತು’ ಎಂಬ ಭಾವನೆಯನ್ನು ನಂಬಬೇಡಿ, ಅದು ಬೆಳಗಿನ ತಂಪಿಗೂ ಸಿಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ತಾರೀಖು, ಕೂತ ನಿಮಿಷ, ಆ ದಿನ ಸಿಟ್ಟು ಬಂದಾಗ ಅದು ಸಿಟ್ಟು ಎಂದು ಗೊತ್ತಾಗಲು ಹಿಡಿದ ಹೊತ್ತು. ಎಂಟು ವಾರ ಬರೆದ ಮೇಲೆ ಮೂರನೇ ಕಾಲಂ ಓದಿ. ಅರ್ಧ ದಿನವಿದ್ದದ್ದು ಅರ್ಧ ಗಂಟೆಗೆ ಇಳಿದಿದ್ದರೆ ಮುಂದುವರಿಸಿ. ಇಳಿದೇ ಇಲ್ಲವೆಂದರೆ ಈ ವಿಧಾನ ನಿಮಗೆ ಹೊಂದಲಿಲ್ಲ ಎಂದೇ ಲೆಕ್ಕ. ಬಿಟ್ಟು ಬೇರೆಯದನ್ನು ಹಿಡಿದರೆ ತಪ್ಪೇನಿಲ್ಲ.

ಎರಡನೇ ಬಾಣ, ನಾಲ್ಕು ಭಾವ

ಸಂಯುತ್ತ ನಿಕಾಯದಲ್ಲಿ ಒಂದು ಹೋಲಿಕೆ ಇದೆ. ಬಾಣ ತಾಗಿದವನಿಗೆ ಮೈ ನೋಯುತ್ತದೆ; ಅದು ಯಾರಿಗೂ ತಪ್ಪದು. ತಿಳಿವಳಿಕೆ ಇಲ್ಲದವನು ಅದಕ್ಕೆ ಗೋಳಾಡಿ ಎದೆ ಬಡಿದುಕೊಂಡು ಎರಡನೇ ಬಾಣವನ್ನೂ ತಿನ್ನುತ್ತಾನೆ.

ಗೆಳೆಯನಿಗೆ ವಾಟ್ಸಾಪ್ ಸಂದೇಶ ಕಳಿಸಿದ್ದೀರಿ. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ಹೊಟ್ಟೆಯಲ್ಲಿ ಸಣ್ಣದೊಂದು ಚುಳುಕು. ಅದು ಮೊದಲ ಬಾಣ. ‘ಬೇಕಂತಲೇ ಮಾಡಿದ್ದಾನೆ, ಹೋದ ತಿಂಗಳೂ ಹೀಗೇ ಮಾಡಿದ, ನನ್ನನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ’ ಎಂಬಲ್ಲಿಯವರೆಗೆ ಹೋಗುವುದೆಲ್ಲ ಎರಡನೆಯದು. ಅಭ್ಯಾಸ ಎಂದರೆ ಮೊದಲ ಬಾಣವನ್ನು ಇಲ್ಲವೆನ್ನುವುದಲ್ಲ. ಎಲ್ಲಿ ಮೊದಲನೆಯದು ಮುಗಿದು ಎರಡನೆಯದು ಶುರುವಾಯಿತು ಎಂಬ ಗೆರೆಯನ್ನು ಗುರುತಿಸುವುದು. ಚುಳುಕು ಮೈಯಲ್ಲಿ ಎಲ್ಲಿದೆ ಎಂದು ಒಂದು ನಿಮಿಷ ನೋಡಿದರೆ ಸಾಮಾನ್ಯವಾಗಿ ಗೆರೆ ಕಾಣುತ್ತದೆ.

ಇತರರ ಜೊತೆಗಿನ ವ್ಯವಹಾರಕ್ಕೆ ಯೋಗಸೂತ್ರದ 1.33ರಷ್ಟು ಅಡಕವಾದದ್ದು ಸಿಗುವುದು ಕಷ್ಟ. ಸುಖವಾಗಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯದು ಮಾಡುವವರ ಬಗ್ಗೆ ಮುದಿತೆ (ಸಂತೋಷ), ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಇದರಿಂದ ಚಿತ್ತ ತಿಳಿಯಾಗುತ್ತದೆ. ಪಕ್ಕದ ಮೇಜಿನವರಿಗೆ ಪ್ರಮೋಷನ್ ಸಿಕ್ಕಿತು ಎಂದುಕೊಳ್ಳಿ. ಪತಂಜಲಿ ಕೇಳುವುದು ಅಲ್ಲಿ ಮೈತ್ರಿಯನ್ನು. ನಾವು ಸಾಮಾನ್ಯವಾಗಿ ಕೊಡುವುದು ಅವರ ಬಾಸ್ ಬಗ್ಗೆ ಒಂದು ಅನುಮಾನವನ್ನು. ಬೌದ್ಧರಲ್ಲೂ ಇವೇ ನಾಲ್ಕು ಬ್ರಹ್ಮವಿಹಾರಗಳೆಂದು ಬರುತ್ತವೆ, ಮತ್ತು ಬುದ್ಧಘೋಷ ಪ್ರತಿಯೊಂದಕ್ಕೂ ಒಬ್ಬ ‘ಹತ್ತಿರದ ಶತ್ರು’ವನ್ನು ಹೆಸರಿಸುತ್ತಾನೆ. ದೂರದ ಶತ್ರು ಎದುರಿಗೇ ಕಾಣುತ್ತಾನೆ. ಹತ್ತಿರದವನು ನೆಂಟನ ವೇಷದಲ್ಲಿ ಮನೆಗೆ ನುಗ್ಗುತ್ತಾನೆ. ಮೈತ್ರಿಗೆ ಹತ್ತಿರದ ಶತ್ರು ಮೋಹ. ಕರುಣೆಗೆ, ನೊಂದವರ ಜೊತೆ ತಾನೂ ಅಳುತ್ತಾ ಕೂತುಬಿಡುವ ಶೋಕ. ಉಪೇಕ್ಷೆಗೆ, ಏನೂ ಅರಿಯದ ಅಸಡ್ಡೆ. ಕನ್ನಡದಲ್ಲಿ ಕಡೆಯದು ಎಷ್ಟು ಗೆದ್ದಿದೆಯೆಂದರೆ ‘ಉಪೇಕ್ಷೆ’ ಎಂಬ ಪದದ ಅರ್ಥವೇ ಅಸಡ್ಡೆ ಎಂದಾಗಿಬಿಟ್ಟಿದೆ. ಮೂಲದಲ್ಲಿ ಅದು ಹತ್ತಿರ ನಿಂತು, ತಕ್ಕಡಿ ವಾಲದಂತೆ ನೋಡುವುದು.

ಜೈನರಿಂದ ಎರಡು ಉಪಕರಣ

ಧ್ಯಾನದ ಗದ್ದಲದಲ್ಲಿ ಜೈನ ಶ್ರಾವಕರ, ಅಂದರೆ ಗೃಹಸ್ಥರ, ಆಚರಣೆಗಳನ್ನು ಹೊರಗಿನವರು ನೋಡುವುದೇ ಇಲ್ಲ. ನಂಬದವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅಲ್ಲಿದೆ ಎಂಬುದು ನಮ್ಮ ಎಣಿಕೆ.

ಒಂದು, ಕಾಲಮಿತಿಯ ವ್ರತ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ, ನಿಯಮ ಎಂಬ ವಿಂಗಡಣೆ ಇದೆ: ಬದುಕಿರುವವರೆಗೆ ಹಿಡಿಯುವುದು ಯಮ, ಇಷ್ಟು ಕಾಲ ಎಂದು ಗೊತ್ತು ಮಾಡಿಕೊಂಡದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು ಹೀಗೆ. ‘ಇನ್ನು ಮೇಲೆ ಸಕ್ಕರೆ ಮುಟ್ಟುವುದಿಲ್ಲ’ ಎಂದವರು ಮೂರನೇ ದಿನದ ಮದುವೆ ಮನೆಯಲ್ಲಿ ಸೋತು, ಸೋತ ನಾಚಿಕೆಗೆ ಪೂರ್ತಿ ಬಿಡುತ್ತಾರೆ. ‘ಮುಂದಿನ 15 ದಿನ ಸಂಜೆ ಏಳರ ಮೇಲೆ ಊಟ ಇಲ್ಲ’ ಎಂಬುದಕ್ಕೆ ಅಂಚಿದೆ. ಹದಿನೈದನೇ ದಿನ ವ್ರತ ಮುಗಿಯುತ್ತದೆ, ಮುರಿಯುವುದಿಲ್ಲ. ಬೇಕಾದರೆ ಮತ್ತೆ ಹಿಡಿಯಬಹುದು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬುದಕ್ಕೆ ಜೈನರು ಕೊಡುವ ಕಾರಣ ಕತ್ತಲಲ್ಲಿ ಆಹಾರಕ್ಕೆ ಬೀಳುವ ಹುಳುಹುಪ್ಪಟೆಯ ಹಿಂಸೆ. ಟ್ಯೂಬ್‌ಲೈಟಿನ ಕೆಳಗೆ ಆ ಕಾರಣ ನಿಮಗೆ ಹೊಂದದಿರಬಹುದು. ಉಪಕರಣ ಮಾತ್ರ ಹೊಂದುತ್ತದೆ.

ಎರಡು, ಪರಿಗ್ರಹ ಪರಿಮಾಣ. ಗೃಹಸ್ಥನ ಐದು ಅಣುವ್ರತಗಳಲ್ಲಿ (ಸಣ್ಣ ವ್ರತಗಳಲ್ಲಿ) ಕೊನೆಯದು. ಎಲ್ಲವನ್ನೂ ಬಿಡು ಎನ್ನುವುದಿಲ್ಲ, ಮಿತಿಯನ್ನು ಅಂಕೆಯಲ್ಲಿ ಬರೆದಿಡು ಎನ್ನುತ್ತದೆ. ಹೊಲ ಇಷ್ಟು, ಮನೆ ಇಷ್ಟು, ಚಿನ್ನ ಇಷ್ಟು. ಇಂದಿನ ಮನೆಗೆ: ಅಂಗಿ 12, ಚಪ್ಪಲಿ 2 ಜೊತೆ, ಫೋನು 1. ಮಿತಿಯನ್ನು ಆಸೆ ಹುಟ್ಟುವ ಮೊದಲೇ, ಅಂಗಡಿಯ ಹೊರಗೆ, ಕಾಗದದ ಮೇಲೆ ಗೊತ್ತು ಮಾಡುವುದರಲ್ಲೇ ಇದರ ಚಳಕ ಇರುವುದು. ಹದಿಮೂರನೇ ಅಂಗಿ ಕಂಡಾಗ ಪ್ರಶ್ನೆ ‘ಕೊಳ್ಳಲೇ?’ ಅಲ್ಲ, ‘ಯಾವುದನ್ನು ಕೊಟ್ಟುಬಿಡಲಿ?’ ಎಂದಾಗುತ್ತದೆ.

ಇವುಗಳ ಜೊತೆಗೆ ಸಾಮಾಯಿಕವೂ ಇದೆ: ಒಂದು ಮುಹೂರ್ತ, ಅಂದರೆ 48 ನಿಮಿಷ, ಯಾವುದಕ್ಕೂ ಬೇಕು ಬೇಡ ಎನ್ನದೆ ಕೂರುವುದು. ಉಸಿರಿನ 20 ನಿಮಿಷ ಗಟ್ಟಿಯಾದವರು ಅಲ್ಲಿಗೆ ಏರಬಹುದು.

ಹಾವಿನ ಬಾಲ

ಮಜ್ಝಿಮ ನಿಕಾಯದ 22ನೇ ಸುತ್ತದಲ್ಲಿ ಬುದ್ಧ ತನ್ನ ಬೋಧನೆಯನ್ನೇ ಹಾವಿಗೆ ಹೋಲಿಸುತ್ತಾನೆ. ಹಿಡಿಯುವುದು ಗೊತ್ತಿದ್ದವನು ಕವೆಗೋಲಿನಿಂದ ತಲೆಯನ್ನು ಒತ್ತಿ ಆಮೇಲೆ ಕೊರಳು ಹಿಡಿಯುತ್ತಾನೆ. ಬಾಲ ಹಿಡಿದವನನ್ನು ಅದು ತಿರುಗಿ ಕಚ್ಚುತ್ತದೆ. ನಂಬದೆ ಆರಿಸಿಕೊಳ್ಳುವವರು ಹಿಡಿಯುವ ಬಾಲ ಸಾಮಾನ್ಯವಾಗಿ ಒಂದೇ: ಶೀಲವನ್ನು ಬಿಟ್ಟು ಧ್ಯಾನವನ್ನಷ್ಟೇ ತೆಗೆದುಕೊಳ್ಳುವುದು.

ಕೊಲ್ಲದಿರುವುದು, ಕದಿಯದಿರುವುದು, ಸುಳ್ಳಾಡದಿರುವುದು ಇವು ಭಕ್ತರಿಗೆ ಹೇಳಿದ ಉಪದೇಶ, ನಮಗೆ ತಂತ್ರ ಸಾಕು ಎನಿಸುತ್ತದೆ. ಆದರೆ ಅಂಗುತ್ತರ ನಿಕಾಯದಲ್ಲಿ ಕೊಟ್ಟಿರುವ ಸರಪಳಿಯನ್ನು ನೋಡಿ: ಶೀಲದಿಂದ ಪಶ್ಚಾತ್ತಾಪ ಇಲ್ಲದಿರುವಿಕೆ, ಅದರಿಂದ ನಲಿವು, ನಲಿವಿನಿಂದ ಮೈಮನಸ್ಸಿನ ನೆಮ್ಮದಿ, ನೆಮ್ಮದಿಯಿಂದ ಸಮಾಧಿ, ಅಂದರೆ ಚಿತ್ತದ ಏಕಾಗ್ರತೆ. ಇದು ಯಂತ್ರದ ವಿವರಣೆ. ಬೆಳಿಗ್ಗೆ ಸುಳ್ಳು ಬಿಲ್ಲು ಬರೆದು ಸಂಜೆ ಉಸಿರು ನೋಡಲು ಕೂತವನಿಗೆ ಉಸಿರು ಕಾಣುವುದಿಲ್ಲ, ಬಿಲ್ಲು ಕಾಣುತ್ತದೆ. ತಳಪಾಯ ತೆಗೆದು ಮಹಡಿ ಮಾತ್ರ ತಂದರೆ ಅದು ನಿಲ್ಲದಿರುವುದಕ್ಕೆ ನಂಬಿಕೆಯ ಕೊರತೆ ಕಾರಣವಲ್ಲ.

ಇನ್ನೊಂದು ತಪ್ಪು, ಇದನ್ನು ಮದ್ದೆಂದು ತಿಳಿಯುವುದು. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಅಭ್ಯಾಸವನ್ನು ಧರ್ಮದಿಂದ ಬಿಡಿಸಿ ಎಂಟು ವಾರದ ತರಬೇತಿಯಾಗಿ ಕಟ್ಟಿದರು. ಅಲ್ಲಿಂದ ಈಚೆಗೆ ಸಂಶೋಧನೆ ರಾಶಿ ಬಿದ್ದಿದೆ. 2014ರಲ್ಲಿ ಪ್ರಕಟವಾದ, 47 ಪ್ರಯೋಗಗಳ ಸುಮಾರು 3,500 ಜನರ ಮಾಹಿತಿ ಸೇರಿಸಿದ ಒಂದು ವಿಮರ್ಶೆ ಆತಂಕ, ಖಿನ್ನತೆ, ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿತು. ವ್ಯಾಯಾಮ, ಔಷಧಿಗಳಂಥ ಇತರ ಚಿಕಿತ್ಸೆಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ. ಮಾತ್ರೆ ಬಿಟ್ಟು ಕೂರಬೇಡಿ. ಬೈಪೋಲಾರ್, ಸೈಕೋಸಿಸ್ ಇದ್ದವರು, ದೊಡ್ಡ ಆಘಾತದಿಂದ ಈಗಷ್ಟೇ ಹೊರಬರುತ್ತಿರುವವರು ಡಾಕ್ಟರನ್ನು ಕೇಳದೆ ದೀರ್ಘ ಶಿಬಿರಕ್ಕೆ ಹೋಗಬಾರದು. ಮೌನದಲ್ಲಿ ಎಲ್ಲರಿಗೂ ಶಾಂತಿಯೇ ಸಿಗುತ್ತದೆ ಎಂಬುದು ಸುಳ್ಳು.

ಶಿಬಿರದ ಮಾತು ಬಂತಲ್ಲ. ಬರ್ಮಾದಲ್ಲಿ ಹುಟ್ಟಿ ಅಲ್ಲೇ ಕಲಿತು 1969ರಲ್ಲಿ ಭಾರತಕ್ಕೆ ಬಂದ ಎಸ್. ಎನ್. ಗೋಯೆಂಕಾ ಅವರ ಹತ್ತು ದಿನಗಳ ವಿಪಶ್ಯನ ಶಿಬಿರಗಳು ಮಹಾರಾಷ್ಟ್ರದ ಇಗತ್ಪುರಿಯಿಂದ ಹಬ್ಬಿ, ಬೆಂಗಳೂರಿನ ಹೊರವಲಯದಲ್ಲೂ ನಡೆಯುತ್ತವೆ. ಬೆಳಗಿನ 4ಕ್ಕೆ ಗಂಟೆ, ದಿನಕ್ಕೆ ಸುಮಾರು 10 ತಾಸು ಕೂರುವುದು, ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. 11ಕ್ಕೆ ಊಟ, ಸಂಜೆ ಹೊಸಬರಿಗೆ ಹಣ್ಣು, ಚಹಾ. ಮೊದಲ ಮೂರು ದಿನ ಉಸಿರು, ನಾಲ್ಕನೇ ದಿನದಿಂದ ಮೈಯ ಸಂವೇದನೆ. ಶುಲ್ಕವಿಲ್ಲ. ನಂಬದವರಿಗೆ ತೊಡಕಾಗುವುದು ಸಂಜೆಯ ಪ್ರವಚನಗಳಲ್ಲಿ ಬರುವ ಪೂರ್ವಜನ್ಮದ ಸಂಸ್ಕಾರಗಳ ಮಾತು. ಕೂತ ಗಂಟೆಗಳಿಗೆ ಆ ವಿವರಣೆ ಬೇಕೇಬೇಕು ಎಂದೇನಿಲ್ಲ. ಅಲ್ಲಿ ಕೂತಷ್ಟು ದಿನ ಸೂಚನೆಯನ್ನು ಪೂರ್ತಿ ಪಾಲಿಸಿ, ವಾದ ಮನೆಗೆ ಬಂದ ಮೇಲೆ. ಮನೆಯಲ್ಲಿ 20 ನಿಮಿಷ ಕೂತು ಅಭ್ಯಾಸವೇ ಇಲ್ಲದವರು ನೇರ ಹತ್ತು ದಿನಕ್ಕೆ ಹಾರುವುದು ನಮಗೆ ಸರಿ ಕಾಣುವುದಿಲ್ಲ. ಸಾಧನೆಯಲ್ಲಿ ಅತಿಯಾಗಿ ದುಡಿದು ಹತಾಶನಾದ ಸೋಣ ಎಂಬ ಭಿಕ್ಷುವಿಗೆ ಬುದ್ಧ ಹೇಳಿದ್ದೂ ಇದನ್ನೇ: ವೀಣೆಯ ತಂತಿ ತೀರ ಬಿಗಿದರೂ ನುಡಿಯದು, ತೀರ ಸಡಿಲಿಸಿದರೂ ನುಡಿಯದು. ಸೋಣ ವೀಣೆ ನುಡಿಸುತ್ತಿದ್ದವನು, ತಟ್ಟನೆ ಅರ್ಥವಾಯಿತು.

ಒಬ್ಬರೇ ಆರಿಸಿಕೊಂಡರೆ ಕಳೆದುಹೋಗುವುದು

ಡಾ. ಬಿ. ಆರ್. ಅಂಬೇಡ್ಕರ್ ಬೌದ್ಧ ಧರ್ಮವನ್ನು ವಿಚಾರದ ಮೊರದಲ್ಲಿ ಕೇರಿದವರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲೇ ನಾಲ್ಕು ಪ್ರಶ್ನೆ ಎತ್ತುತ್ತಾರೆ. ರೋಗಿ, ಮುದುಕ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕತೆ ಬುದ್ಧಿಗೆ ಒಪ್ಪುತ್ತದೆಯೇ? ನಾಲ್ಕು ಆರ್ಯಸತ್ಯಗಳು ಮೂಲ ಬೋಧನೆಯೇ? ಆತ್ಮ ಇಲ್ಲವೆಂದ ಮೇಲೆ ಕರ್ಮ, ಪುನರ್ಜನ್ಮ ಹೇಗೆ? ಭಿಕ್ಷುವಿನ ಉದ್ದೇಶ ತನ್ನ ಪರಿಪೂರ್ಣತೆಯೋ, ಜನಸೇವೆಯೋ? ಇಷ್ಟೆಲ್ಲ ಪ್ರಶ್ನಿಸಿದವರು ಕೊನೆಗೆ ಒಬ್ಬರೇ ಕೋಣೆಯಲ್ಲಿ ಧ್ಯಾನಕ್ಕೆ ಕೂರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದು, 22 ಪ್ರತಿಜ್ಞೆಗಳನ್ನು ಬೋಧಿಸಿದರು. ಧಮ್ಮ ಎಂದರೆ ಮನುಷ್ಯ ಮನುಷ್ಯರ ನಡುವಿನ ಸಂಬಂಧ, ಒಬ್ಬನೇ ಇದ್ದರೆ ಅದು ಬೇಕಾಗಿಲ್ಲ ಎಂಬುದು ಅವರ ನಿಲುವು.

ನಂಬದವರು ಕಳೆದುಕೊಳ್ಳುವುದು ಇದನ್ನೇ. ದೇವರಿಗಿಂತ ದೊಡ್ಡ ನಷ್ಟ, ‘ಎಲ್ಲಿ, ಈ ವಾರ ಬರಲಿಲ್ಲ?’ ಎಂದು ಕೇಳುವ ಜನ. ಬೈಲಕುಪ್ಪೆಯ ಸೆರಾ ಮಠದ ಅಂಗಳದಲ್ಲಿ ಟಿಬೆಟನ್ ಭಿಕ್ಷುಗಳು ಚಪ್ಪಾಳೆ ಹೊಡೆದು ವಾದ ಮಾಡುವುದನ್ನು ಕಂಡವರಿಗೆ ಗೊತ್ತು: ನಿಂತವನು ಕೇಳುತ್ತಾನೆ, ಕೂತವನು ಉತ್ತರಿಸಬೇಕು, ಗ್ರಂಥವನ್ನು ಓದಿದ್ದು ಸಾಲದು, ಎದುರಿಗಿರುವವನ ಮುಂದೆ ಅದು ನಿಲ್ಲಬೇಕು. ಒಬ್ಬರೇ ಓದಿ ಒಬ್ಬರೇ ಆರಿಸಿಕೊಂಡವರನ್ನು ತಿದ್ದುವವರಿಲ್ಲ. ಅವರು ಆರಿಸಿಕೊಳ್ಳುವುದು ತಮಗೆ ಮೊದಲೇ ಇಷ್ಟವಿದ್ದದ್ದನ್ನೇ.

ಮನೆಯವರನ್ನು ಇದಕ್ಕೆ ಎಳೆಯಬೇಡಿ. ಅಮ್ಮ ದೀಪ ಹಚ್ಚುವಾಗ ಕಾಲಾಮ ಸುತ್ತ ಓದಿ ಹೇಳುವುದರಿಂದ ಯಾರಿಗೂ ಬಿಡುಗಡೆ ಸಿಗುವುದಿಲ್ಲ. ತಿಥಿಯ ದಿನ ಎಲೆ ಹಾಕಲು, ಬಡಿಸಲು ಕೈ ಜೋಡಿಸಿ. ಸತ್ತವರನ್ನು ನೆನೆಯಲು ಪಿತೃಲೋಕವನ್ನು ನಂಬಬೇಕಿಲ್ಲ. ಪಂಕ್ತಿಭೇದ ಮಾಡಿದರೆ ಮಾತ್ರ ಏಳಿ, ಅದು ಮೂರನೇ ಬಗೆಯದು.

ಇಬ್ಬರು ಮೂವರು ಗೆಳೆಯರನ್ನು ಹುಡುಕಿಕೊಳ್ಳಿ. ಒಬ್ಬರಾದರೂ ನಂಬುವವರಿದ್ದರೆ ಇನ್ನೂ ಒಳ್ಳೆಯದು, ಮೊರದಲ್ಲಿ ನೀವು ಕಾಳನ್ನೂ ತೂರಿಬಿಟ್ಟಾಗ ಅವರು ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ. ಮೊದಲ 25 ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಒಬ್ಬರು ಒಂದು ಸುತ್ತ ಅಥವಾ ನಾಲ್ಕು ಸೂತ್ರ ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಉಳಿದ ಹೊತ್ತು ಇದರಲ್ಲಿ ಯಾವ ವಾಕ್ಯ ಯಾವ ಬಗೆಯದು ಎಂಬ ಜಗಳ. ಮುಂದಿನ ವಾರಕ್ಕೆ ಒಂದು ನಿಯಮ, ಏಳು ದಿನದ್ದು, ಎಲ್ಲರಿಗೂ ಒಂದೇ. ಫೋನುಗಳನ್ನು ಚಪ್ಪಲಿ ಬಿಟ್ಟ ಕಡೆಯೇ ಬಿಟ್ಟು ಬನ್ನಿ. ಕಾಫಿ ಜಗಳ ಮುಗಿದ ಮೇಲೆ.